ಗದಗ ಸೀಮೆಯ ನೀರಿನಲ್ಲಿ ಮಲೆನಾಡಿನ ಚಹ



ಕಾಫಿ ಮತ್ತು ಅಡಿಕೆ ಬೆಳೆಗಾರರ ಸಂಘದ ಕಾರ್ಯದರ್ಶಿಯು ಚಹದ ಪೊಟ್ಟಣ ಹೊತ್ತುಕೊಂಡು ಗದಗಿಗೆ ಹೋದದ್ದೇಕೆ ಎಂದು ಕಳೆದ ಸಭೆಯಲ್ಲಿ ಕೆಲವರು ಕೇಳಿದರು. ಅದೂ ಅಡಿಕೆ ಕೊಯ್ಲಿನ ನಡುವೆ! ಕೇಳಿದ್ದು ತಪ್ಪಲ್ಲ. ಸಭೆಯಲ್ಲಿ ವೇಳೆಯಿಲ್ಲದೆ ಚುಟುಕಾಗಿ ಉತ್ತರಿಸಿದ್ದೆ. ಈಗ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಸದಸ್ಯರ ಕಾಫಿಯ ಪುಡಿಯನ್ನು ಬಯಲುಸೀಮೆಯ ಪೇಟೆಗಳಿಗೆ ಕಳುಹಿಸುವ ಮಾತು ಆಡಳಿತ ಮಂಡಳಿಯಲ್ಲಿ ಬಹಳ ದಿನಗಳಿಂದ ಇತ್ತು. ಗದಗ-ಬೆಟಗೇರಿಯ ಕಿರಾಣಿ ವ್ಯಾಪಾರಿಗಳಲ್ಲಿ ವಿಚಾರಿಸಿದಾಗ ಅವರು ಒಂದೇ ಮಾತು ಹೇಳಿದರು: ಬರೀ ಕಾಫಿ ಪುಡಿ ಹಿಡಿದು ಬಂದರೆ ಸಾಗುವುದಿಲ್ಲ, ಜೊತೆಗೆ ಒಳ್ಳೆಯ ಚಹ ತನ್ನಿ. ನಮ್ಮಲ್ಲಿ ಬೆಳಗೆದ್ದರೆ ಕಾಫಿ, ಅಲ್ಲಿ ಬೆಳಗೆದ್ದರೆ ಚಾ. ಗಿರ್ಮಿಟ್ಟು ಮಿರ್ಚಿ ತಿಂದ ಮೇಲೆಯೂ ಚಾ, ಬೀಗರು ಬಂದರೂ ಚಾ, ಎದ್ದು ಹೊರಟರೂ ಚಾ. ಈ ಕಾರಣದಿಂದ ನಮ್ಮದೇ ರಾಜ್ಯದ ಒಂದು ಚಹ ತೋಟದವರಿಂದ 30 ಕಿಲೋ ಪುಡಿಯನ್ನು ಪರೀಕ್ಷಾರ್ಥ ಪಡೆದೆವು. ಮಾರಾಟವಾದರೆ ಹಣ, ಇಲ್ಲದಿದ್ದರೆ ತಿಂಗಳೊಳಗೆ ಮಾಲು ವಾಪಸು ಎಂದು ಕರಾರು.

ಕರ್ನಾಟಕದಲ್ಲಿ ಚಹವೇ ಎಂದು ಹುಬ್ಬೇರಿಸುವವರು ನಮ್ಮ ನಡುವೆಯೇ ಇದ್ದಾರೆ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಕಲೇಶಪುರ ತಾಲ್ಲೂಕಿನ ಕಾಡುಮನೆ, ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾ ಇವು ಬಲ್ಲವರಿಗೆ ಗೊತ್ತಿರುವ ಹೆಸರುಗಳು. ಹಾಸನ, ಚಿಕ್ಕಮಗಳೂರು, ಕೊಡಗು ಈ ಮೂರು ಜಿಲ್ಲೆಗಳನ್ನು ಬಿಟ್ಟರೆ ರಾಜ್ಯದಲ್ಲಿ ಹೇಳಿಕೊಳ್ಳುವಂಥ ಚಹ ಇಲ್ಲ. ಇಡೀ ಭಾರತ ವರ್ಷಕ್ಕೆ ಸುಮಾರು 130 ಕೋಟಿ ಕಿಲೋ ಚಹ ಮಾಡುತ್ತದೆ. ಅದರಲ್ಲಿ ನಮ್ಮ ರಾಜ್ಯದ ಪಾಲು ನೂರಕ್ಕೆ ಅರ್ಧದಷ್ಟೂ ಇಲ್ಲ. ಆದ್ದರಿಂದ ಇದು ಹೆಚ್ಚಿನ ಪಾಲು ಬೇರೆ ತೋಟಗಳ ಚಹದೊಡನೆ ಬೆರೆತು, ಹೆಸರಿಲ್ಲದೆ, ಗ್ರಾಹಕನ ಲೋಟ ಸೇರುತ್ತದೆ. ಪೊಟ್ಟಣದ ಚಹ ಮಾರುವ ಕಂಪನಿಗಳು ಹತ್ತಾರು ತೋಟಗಳ ಪುಡಿಯನ್ನು ಬೆರೆಸುವುದು ಮೋಸವಲ್ಲ. ವರ್ಷವಿಡೀ ಒಂದೇ ರುಚಿ, ಒಂದೇ ಬೆಲೆ ಉಳಿಸಿಕೊಳ್ಳುವ ಉಪಾಯ ಅದು. ಒಂದೇ ತೋಟದ ಚಹಕ್ಕೆ ಆ ಆಸರೆ ಇಲ್ಲ. ಮಳೆಗಾಲದ ಎಲೆಯೇ ಬೇರೆ, ಡಿಸೆಂಬರಿನಿಂದ ಮಾರ್ಚಿನವರೆಗಿನ ಚಳಿ ಮತ್ತು ಒಣ ಹವೆಯಲ್ಲಿ ನಿಧಾನವಾಗಿ ಚಿಗುರಿದ ಎಲೆಯೇ ಬೇರೆ. ಒಳ್ಳೆಯದೂ ಕೆಟ್ಟದ್ದೂ ಎರಡೂ ಲೋಟದಲ್ಲಿ ಕಾಣಿಸಿಕೊಳ್ಳುತ್ತವೆ.

ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹದಲ್ಲಿ ನಾನೂ ಇಬ್ಬರು ನಿರ್ದೇಶಕರೂ ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ ಹೊರಟೆವು. ಸಹಕಾರಿಗಳಿಗೆ ಆ ಊರು ಯಾತ್ರಾಸ್ಥಳವೇ ಸರಿ. 1904ರ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಆ ಊರನ್ನು ನೋಡಿ, ದಾರಿಯಲ್ಲಿ ಲಕ್ಷ್ಮೇಶ್ವರದಲ್ಲಿರುವ ನನ್ನ ಬೀಗರ ಮನೆಯಲ್ಲಿ ಎರಡು ರಾತ್ರಿ ಉಳಿದು, ಚಹವನ್ನು ನಾಲ್ಕು ಜನರಿಗೆ ಕುಡಿಸಿ ಅಭಿಪ್ರಾಯ ಕೇಳುವುದು ನಮ್ಮ ಯೋಜನೆ. ಹೊರಡುವಾಗ ನಮ್ಮ ಮನೆಯವರು ಕಂಡ ಕಂಡ ನೀರು ಕುಡಿಯಬೇಡಿ ಎಂದು ಹತ್ತು ಲೀಟರಿನ ಕ್ಯಾನಿನಲ್ಲಿ ನಮ್ಮ ಗುಡ್ಡದ ಅಬ್ಬಿ ನೀರನ್ನು ತುಂಬಿಸಿ ಜೀಪಿನಲ್ಲಿ ಇಡಿಸಿದರು. ಬಯಲುಸೀಮೆಯಲ್ಲಿ ನೀರಿಲ್ಲವೇ ಎಂದು ನಾನು ನಕ್ಕಿದ್ದೆ. ಮುಂದೆ ಆ ಕ್ಯಾನೇ ನಮ್ಮ ಮಾನ ಉಳಿಸಿತು.

ಮೊದಲ ದಿನ ಸಂಜೆ ಬೀಗರ ಪಡಸಾಲೆಯಲ್ಲಿ ಏಳೆಂಟು ಜನ ಸೇರಿದ್ದರು. ಶಿರಹಟ್ಟಿಯಿಂದ ಶೇಂಗಾ ವ್ಯಾಪಾರಿಯೊಬ್ಬರು, ಮುಂಡರಗಿ ಕಡೆಯ ಒಬ್ಬ ಶಾಲಾ ಮಾಸ್ತರರು, ಉಳಿದವರು ಓಣಿಯವರು. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದಿದವನೆಂಬ ಹಮ್ಮಿನಿಂದ, ಚಹವನ್ನು ಕುದಿಸಕೂಡದು, ಹಾಲು ಸಕ್ಕರೆ ಹಾಕಕೂಡದು, ಗಡಿಯಾರ ನೋಡಿ ಆರು ನಿಮಿಷ ಮುಚ್ಚಿಡಬೇಕು ಎಂದು ಒಳಮನೆಗೆ ಅಪ್ಪಣೆ ಕೊಟ್ಟೆ. ಯಾವ ನೀರು ಎಂದು ಮಾತ್ರ ಕೇಳಲಿಲ್ಲ. ಬಂದದ್ದು ಹಿತ್ತಲಿನ ಕೊಳವೆಬಾವಿಯ ನೀರಿನಲ್ಲಿ ಇಳಿಸಿದ ಚಹ. ಬಣ್ಣ ಕಂದು ಮಣ್ಣಿನದು, ಹೊಳಪೇ ಇಲ್ಲ. ಮೇಲೆ ತೆಳ್ಳನೆಯ ಪೊರೆ ಕಟ್ಟಿ, ಲೋಟ ಅಲ್ಲಾಡಿಸಿದರೆ ಒಡೆದು ಚೂರಾಗಿ ಅಂಚಿಗೆ ಅಂಟುತ್ತಿತ್ತು. ರುಚಿ ಸಪ್ಪೆ, ಗಂಟಲಲ್ಲಿ ಸುಣ್ಣದ ಹಾಗೆ ಏನೋ ಉಳಿಯುತ್ತಿತ್ತು.

ಬೀಗರು ಸಂಕೋಚದಿಂದಲೇ ಹೇಳಿದರು: "ಬೀಗರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಡಕ್ ಚಾ ಅಂದಿದ್ರಿ, ಇದು ಕೆರಿ ನೀರ ಕುಡದಂಗ ಆತ್ರಿ." ಶೇಂಗಾ ವ್ಯಾಪಾರಿಗಳು ಇನ್ನೂ ನೇರ: "ಮಾಲ್ ಹಳೇದು ಕೊಟ್ಟಾರ ನೋಡ್ರಿ ನಿಮಗ." ನಮ್ಮ ನಿರ್ದೇಶಕರಿಗೂ ಹಾಗೆಯೇ ಅನ್ನಿಸಿತು. ಮಾಲನ್ನು ವಾಪಸು ಕಳುಹಿಸುವುದೆಂದು ಆ ರಾತ್ರಿಯೇ ಮಾತಾಯಿತು. ತೋಟದವರಿಗೆ ಕಾಗದದ ಒಕ್ಕಣೆಯನ್ನೂ ನಾನು ಮನಸ್ಸಿನಲ್ಲಿ ಹಾಕಿಟ್ಟಿದ್ದೆ.

ಬೆಳಿಗ್ಗೆ ಸ್ನಾನಕ್ಕೆ ನಿಂತಾಗ ಸೋಪು ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ. ಅಲ್ಲಿಗೆ ತಲೆಗೆ ಹೊಳೆಯಿತು. ಅಡುಗೆಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಬಿಳಿಯ ಕಿಟ್ಟ ಬೆರಳುಗುರಿನಷ್ಟು ದಪ್ಪ. ಗಡಸು ನೀರು! ತಪ್ಪು ಪುಡಿಯದಲ್ಲ, ನನ್ನದು.

ಅಡಿಕೆ ಬೇಯಿಸುವ ನಮಗೆ ಇದು ತಿಳಿಯದ ವಿಷಯವೇನೂ ಅಲ್ಲ. ತಾಮ್ರದ ಹಂಡೆ ಬಿಟ್ಟು ಕಬ್ಬಿಣದ ಪಾತ್ರೆಯಲ್ಲಿ ಅಡಿಕೆ ಬೇಯಿಸಿದರೆ ಚೊಗರು ಕಪ್ಪಾಗುತ್ತದೆ, ಅಡಿಕೆಯ ಕೆಂಪು ಹಾಳಾಗುತ್ತದೆ. ಚೊಗರಿನಲ್ಲಿರುವ ಒಗರಿನ ಅಂಶ ಕಬ್ಬಿಣದೊಡನೆ ಸೇರಿ ಮಸಿಯಾಗುವುದೇ ಕಾರಣ. ಚಹದ ಒಗರೂ ಇದೇ ಕುಲದ್ದು. ನೀರಿನಲ್ಲಿರುವ ಲೋಹ, ಸುಣ್ಣ, ಕ್ಷಾರಗಳೊಡನೆ ಅದು ಸುಮ್ಮನಿರುವುದಿಲ್ಲ.

ಇಲ್ಲಿ ಚಹದ ತಯಾರಿಕೆಯನ್ನು ಸ್ವಲ್ಪ ಹೇಳಬೇಕು. ಎರಡು ಎಲೆ ಒಂದು ಮೊಗ್ಗು ಕಿತ್ತು ತಂದ ಹಸಿರೆಲೆಯನ್ನು ಹನ್ನೆರಡರಿಂದ ಹದಿನೆಂಟು ಗಂಟೆ ಬಾಡಿಸುತ್ತಾರೆ. ಬಳಿಕ ಸಿ.ಟಿ.ಸಿ. ಯಂತ್ರದ ಹಲ್ಲುಗಳ ನಡುವೆ ಅದನ್ನು ಜಜ್ಜಿ, ಹರಿದು, ಸುರುಳಿಯಾಗಿಸುತ್ತಾರೆ. ಈ ಯಂತ್ರ 1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ಮ್ಯಾಕರ್ಚರ್ ಎಂಬ ತೋಟದ ಮ್ಯಾನೇಜರು ರೂಪಿಸಿದ್ದು. ಜಜ್ಜಿದ ಎಲೆಗೆ ಗಾಳಿ ತಾಗಿದಾಗ ಅದರ ರಸ ಹಸಿರಿನಿಂದ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಕೊಯ್ದ ಬಾಳೆಕಾಯಿ ಕಪ್ಪಾಗುವುದೂ ಇದೇ ಕ್ರಿಯೆಯೇ. ಆಗ ಎರಡು ಬಗೆಯ ವಸ್ತುಗಳು ಹುಟ್ಟುತ್ತವೆ. ಥಿಯಾಫ್ಲೇವಿನ್ ಎಂಬುದು ಹೊನ್ನಿನ ಹೊಳಪನ್ನೂ ನಾಲಿಗೆಯನ್ನು ಚುರುಕಾಗಿ ಹಿಡಿಯುವ ಗುಣವನ್ನೂ ಕೊಡುತ್ತದೆ. ಥಿಯಾರುಬಿಜಿನ್ ಎಂಬುದು ಕೆಂಪು-ಕಂದು ಬಣ್ಣವನ್ನೂ ಬಾಯಿ ತುಂಬುವ ಗಟ್ಟಿತನವನ್ನೂ ಕೊಡುತ್ತದೆ. ಗಾಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೊದಲನೆಯದು ಕಳೆದು ಎರಡನೆಯದೇ ಉಳಿಯುತ್ತದೆ: ಬಣ್ಣ ಕಪ್ಪು, ರುಚಿ ಮಂಕು. ಆದುದರಿಂದ ಗಟ್ಟಿ ಚಹವೆಂದರೆ ಕಪ್ಪು ಚಹ ಎಂದು ತಿಳಿಯಬಾರದು. ಬಣ್ಣ, ಚುರುಕು, ಗಟ್ಟಿತನ ಮೂರೂ ಕೂಡಿದ್ದರೆ ಅದು ಗಟ್ಟಿ ಚಹ. ಸಮಯ ನೋಡಿ ಬಿಸಿ ಗಾಳಿಯಲ್ಲಿ ಒಣಗಿಸಿ, ತೇವವನ್ನು ನೂರಕ್ಕೆ ಮೂರರ ಸುಮಾರಿಗೆ ಇಳಿಸಿದಾಗ ಪುಡಿ ಸಿದ್ಧ.

ಇಷ್ಟೆಲ್ಲ ಮಾಡಿ ತಂದ ಹೊಳಪನ್ನು ಗಡಸು ನೀರು ಒಂದೇ ನಿಮಿಷದಲ್ಲಿ ಕೆಡಿಸುತ್ತದೆ. ಬೈಕಾರ್ಬೊನೇಟ್ ಇರುವ ನೀರು ಕ್ಷಾರದ ಕಡೆಗೆ ವಾಲಿರುವುದರಿಂದ ಕಷಾಯದ ಬಣ್ಣ ಗಾಢವಾಗಿ ಮಂಕಾಗುತ್ತದೆ, ಚುರುಕು ಕುಂದುತ್ತದೆ. ಮೇಲೆ ಕಟ್ಟುವ ಪೊರೆಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಪೈರೋ ಮತ್ತು ಜಗನ್ಯಿ ಎಂಬ ವಿಜ್ಞಾನಿಗಳು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡೂ ಇದ್ದಾಗ, ಚಹದ ಅಂಶಗಳು ಗಾಳಿಯೊಡನೆ ಕೂಡಿ ಆ ಪೊರೆಯಾಗುತ್ತದೆ ಎಂಬುದು ಅವರು ಕಂಡದ್ದು. ಹುಳಿ ಬಿದ್ದರೆ ಪೊರೆ ಕಟ್ಟುವುದಿಲ್ಲ. ನಿಂಬೆ ಚಹ ಏಕೆ ಅಷ್ಟು ತಿಳಿಯಾಗಿ ಕಾಣುತ್ತದೆ ಎಂಬುದಕ್ಕೆ ಉತ್ತರವೂ ಅದರಲ್ಲೇ ಇದೆ.

ಎರಡನೆಯ ದಿನ ಅದೇ ಪಡಸಾಲೆಯಲ್ಲಿ, ಅದೇ ಜನರನ್ನು ಬೇಡಿಕೊಂಡು ಕೂರಿಸಿದೆ. ಈ ಸಾರಿ ಮೂರು ನೀರು: ಹಿತ್ತಲ ಕೊಳವೆಬಾವಿಯದು, ನಾಣ್ಯ ಹಾಕಿ ಹಿಡಿದು ತರುವ ಶುದ್ಧ ನೀರಿನ ಘಟಕದ್ದು, ನಮ್ಮ ಕ್ಯಾನಿನ ಅಬ್ಬಿ ನೀರು. ಚಹದ ರುಚಿ ನೋಡಲು ಅಂತರರಾಷ್ಟ್ರೀಯವಾಗಿ ಒಪ್ಪಿದ ಒಂದು ಕ್ರಮವಿದೆ, 1980ರಲ್ಲಿ ಹೊರಬಂದದ್ದು. ಅದರ ಸಾರವಿಷ್ಟೇ: 100 ಮಿಲಿಲೀಟರ್ ನೀರಿಗೆ 2 ಗ್ರಾಂ ಪುಡಿ, ಆಗತಾನೆ ಕುದಿ ಬಂದ ನೀರು, ಮುಚ್ಚಳ ಮುಚ್ಚಿ 6 ನಿಮಿಷ, ಅನಂತರ ಸೋಸುವುದು. ಪಿಂಗಾಣಿಯ ಪರೀಕ್ಷಾ ಬಟ್ಟಲು ನಮ್ಮಲ್ಲಿ ಎಲ್ಲಿಂದ ಬರಬೇಕು? ಮೂರು ಸ್ಟೀಲ್ ಲೋಟ, ಮೂರು ತಟ್ಟೆ, ಅಕ್ಕಸಾಲಿಗರಿಂದ ಎರವಲು ತಂದ ಸಣ್ಣ ತಕ್ಕಡಿ ಸಾಕಾಯಿತು. ಸೋಸಿದ ಚಹವನ್ನು ಬಣ್ಣ ಕಾಣಲೆಂದು ಬಿಳಿಯ ಬಸಿಗಳಿಗೆ ಬಗ್ಗಿಸಿದೆವು. ಯಾವುದು ಯಾವ ನೀರಿನದೆಂದು ಬೀಗಿತ್ತಿಯವರೊಬ್ಬರಿಗೇ ಗೊತ್ತು.

ರುಚಿಗಾರರು ಚಹವನ್ನು ಚಮಚದಿಂದ ಸುರ್ ಎಂದು ಸದ್ದು ಮಾಡಿ ಹೀರುತ್ತಾರೆ. ಗಾಳಿಯೊಡನೆ ಅದು ಬಾಯಿಯ ಎಲ್ಲ ಕಡೆಗೂ ಚದುರಿ, ವಾಸನೆ ಮೂಗಿನ ಹಿಂಭಾಗಕ್ಕೆ ಏರಬೇಕು. ಬೀಗರೆದುರು ಹಾಗೆ ಸದ್ದು ಮಾಡಲು ನನಗೆ ನಾಚಿಕೆಯಾದರೂ ಮಾಡಿದೆ. ಹುಡುಗರು ನಕ್ಕರು, ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ಹೀರಿದರು.

ಕೊಳವೆಬಾವಿಯ ನೀರಿನದು ನಿನ್ನೆಯಂತೆಯೇ. ಘಟಕದ ನೀರಿನ ಚಹ ಕೆಂಪಾಗಿ, ಹೊಳಪಾಗಿ ಇತ್ತು. ಒಗರು ಚೂಪು, ಆದರೆ ಕುಡಿದಾದ ಮೇಲೆ ಬಾಯಿ ಬೇಗ ಬರಿದಾಗುತ್ತಿತ್ತು. ಲವಣಗಳನ್ನು ಪೂರಾ ಕಳೆದ ನೀರಿಗೆ ತನ್ನದೆಂಬ ರುಚಿ ಇಲ್ಲದಿರುವುದೇ ಕಾರಣವೆಂದು ನನ್ನ ಊಹೆ. ಅಬ್ಬಿ ನೀರಿನದು ಬೇರೆಯೇ. ಹೊಸ ತಾಮ್ರದ ಚೊಂಬನ್ನು ಬಿಸಿಲಿಗೆ ಹಿಡಿದಂಥ ಬಣ್ಣ. ಮೊದಲ ಗುಟುಕಿಗೆ ಒಗರು ಒಸಡನ್ನು ಹಿಡಿದು ತಕ್ಷಣ ಬಿಡುತ್ತದೆ. ಹಿಂದೆಯೇ ಆಲೆಮನೆಯಲ್ಲಿ ಪಾಕ ಬರುವ ಹೊತ್ತಿನ ವಾಸನೆ. ಗಟ್ಟಿತನ ಗಂಜಿಯ ತಿಳಿಯಂತೆ ನಾಲಿಗೆಯ ಮೇಲೆ ಕೂರುತ್ತದೆ. ಕುಂದೂ ಇದೆ, ಅದನ್ನು ಮುಚ್ಚಿಡಬಾರದು: ನೀಲಗಿರಿಯ ಎತ್ತರದ ತೋಟಗಳ ಒಳ್ಳೆಯ ಚಹಕ್ಕಿರುವ ಹೂವಿನ ಪರಿಮಳ ಇದಕ್ಕಿಲ್ಲ. ಕೊನೆಯಲ್ಲಿ ತುಸು ಸುಟ್ಟ ಛಾಯೆಯೂ ಕಂಡಿತು. ಒಣಗಿಸುವಾಗ ಬಿಸಿ ಒಂದಿಷ್ಟು ಹೆಚ್ಚಾಗಿರಬೇಕು. ಇದು ಸೂಕ್ಷ್ಮ ಚಹವಲ್ಲ, ದುಡಿಯುವವರ ಚಹ.

ಅಬ್ಬಿ ನೀರಿನ ಬಸಿ ಆರಿದ ಮೇಲೆ ಇನ್ನೊಂದು ತಮಾಷೆಯಾಯಿತು. ತಿಳಿಯಾಗಿದ್ದ ಚಹ ಅರಿಸಿನ ಕದಡಿದ ಮಜ್ಜಿಗೆಯಂತೆ ಮಬ್ಬಾಯಿತು. "ಇದೂ ಕೆಟ್ಟಿತು" ಎಂದರು ನಮ್ಮ ನಿರ್ದೇಶಕರು. ಕೆಟ್ಟದ್ದಲ್ಲ. ಗಟ್ಟಿ ಚಹ ತಣಿದಾಗ ಅದರ ಕೆಫೀನು ಥಿಯಾಫ್ಲೇವಿನ್ ಮೊದಲಾದವುಗಳೊಡನೆ ಕೂಡಿಕೊಂಡು ಹೀಗೆ ಮಬ್ಬು ಕಟ್ಟುತ್ತದೆ. ರುಚಿಗಾರರು ಇದನ್ನು ಕೆನೆ ಎಂದೇ ಕರೆದು, ಸತ್ತ್ವದ ಗುರುತೆಂದು ಮೆಚ್ಚುತ್ತಾರೆ. ಮತ್ತೆ ಬಿಸಿ ಮಾಡಿದೆವು, ಮಬ್ಬು ಕರಗಿ ತಿಳಿಯಾಯಿತು. ಗಡಸು ನೀರಿನ ಪೊರೆಯನ್ನು ಎಷ್ಟು ಬಿಸಿ ಮಾಡಿದರೂ ಹೋಗಲಿಲ್ಲ. ನಿಂಬೆಯ ನಾಲ್ಕು ಹನಿಗೆ ಮಾಯವಾಯಿತು, ಬಣ್ಣವೂ ತಿಳಿಯಾಯಿತು. ಮಾಸ್ತರರಿಗೆ ಇದು ಬಹಳ ಹಿಡಿಸಿ, ಶಾಲೆಯಲ್ಲಿ ಮಕ್ಕಳಿಗೆ ತೋರಿಸುತ್ತೇನೆ ಎಂದು ಒಂದು ಹಿಡಿ ಪುಡಿ ಕಟ್ಟಿಸಿಕೊಂಡರು.

ಹಾಗಾದರೆ ಆ ಮನೆಯವರು ದಿನಾಲೂ ಅದೇ ಕೊಳವೆಬಾವಿ ನೀರಿನಲ್ಲಿ ಕುಡಿಯುವ ಚಾ ಚೆನ್ನಾಗಿರುವುದು ಹೇಗೆ? ಬೀಗಿತ್ತಿಯವರು ಮಾಡಿ ತೋರಿಸಿದರು. ಪುಡಿ ನಾನು ಹಾಕಿದ್ದರ ಒಂದೂವರೆಯಷ್ಟು. ಶುಂಠಿ ಜಜ್ಜಿ ಹಾಕಿ, ಸಕ್ಕರೆಯೊಡನೆ ಕುದಿಸಿ, ಎಮ್ಮೆಯ ಹಾಲು ಸುರಿದು ಮತ್ತೆ ಎರಡು ಕುದಿ. ಹಾಲಿನ ಕೇಸೀನು ಒಗರನ್ನು ಹಿಡಿದುಕೊಳ್ಳುತ್ತದೆ, ಮಂಕು ಬಣ್ಣ ಬಿಳುಪಿನಲ್ಲಿ ಅಡಗುತ್ತದೆ, ಶುಂಠಿ ಉಳಿದ ಕೊರತೆಯನ್ನು ಮುಚ್ಚುತ್ತದೆ. ಎಮ್ಮೆ ಹಾಲು ದಪ್ಪ; ತೆಳು ಚಹ ಅದರಲ್ಲಿ ಮುಳುಗಿ ಹೋಗುತ್ತದೆ. ಗದಗಿನವರು ಕಡಕ್ ಚಾ ಕೇಳುವುದು ಬರೀ ಅಭ್ಯಾಸವಲ್ಲ, ಅವರ ನೀರಿಗೂ ಹಾಲಿಗೂ ಅದೇ ಸರಿ. ನಮ್ಮ ಪುಡಿಯನ್ನು ಅವರ ಕೈಯಿಂದಲೇ, ಆದರೆ ಘಟಕದ ನೀರಿನಲ್ಲಿ, ಅದೇ ರೀತಿ ಮಾಡಿಸಿದೆವು. ಶೇಂಗಾ ವ್ಯಾಪಾರಿಗಳು ಎರಡು ಬಸಿ ಕುಡಿದು, "ಈಗ ಆತ್ ನೋಡ್ರಿ ಚಾ" ಎಂದರು. ಹಾಲು ಹಾಕಿದ ಮೇಲೂ ಇಟ್ಟಿಗೆಗೆಂಪು ಬಣ್ಣ ಉಳಿದಿತ್ತು. ಮಾಲು ವಾಪಸಿನ ಕಾಗದ ನನ್ನ ಮನಸ್ಸಿನಲ್ಲೇ ರದ್ದಾಯಿತು.

ಮರುದಿನ ಗದಗ-ಬೆಟಗೇರಿಯಲ್ಲಿ ನಳದ ನೀರಿನಲ್ಲೂ ನೋಡಿದೆವು. ಅದು ಹಮ್ಮಿಗಿಯ ಕಡೆಯಿಂದ ಬರುವ ತುಂಗಭದ್ರೆಯ ನೀರು. ಫಲಿತಾಂಶ ಅಬ್ಬಿ ನೀರಿಗೆ ಸಮೀಪ, ಹೊಳಪು ತುಸು ಕಡಿಮೆ. ಮಲೆನಾಡಿನ ಮಳೆಯೇ ಹೊಳೆಯಾಗಿ ಅಲ್ಲಿಗೆ ಬಂದಿರುವಾಗ ಆಶ್ಚರ್ಯವೇನು? ಪೇಟೆಯಲ್ಲಿ ಒಂದು ವಿಷಯ ಗಮನಕ್ಕೆ ಬಂತು. ನಾವು ಒಡೆದು ಕೊಟ್ಟ ಒಂದು ಪೊಟ್ಟಣವನ್ನು ಅಂಗಡಿಯವರು ಬ್ಯಾಡಗಿ ಮೆಣಸಿನಕಾಯಿ ಚೀಲದ ಪಕ್ಕ ಇಟ್ಟಿದ್ದರು. ಸಂಜೆಯ ಹೊತ್ತಿಗೆ ಪುಡಿಯಲ್ಲಿ ಘಾಟು. ಒಣ ಚಹ ವಾಸನೆಯನ್ನೂ ತೇವವನ್ನೂ ಸ್ಪಂಜಿನಂತೆ ಹೀರುತ್ತದೆ. ನಮ್ಮ ಕಾಫಿ ಬೀಜವನ್ನು ಗೊಬ್ಬರದ ಚೀಲದ ಜೊತೆ ಇಡುವ ಸದಸ್ಯರೂ ಇದನ್ನು ಓದಲಿ.

ಹೊರಡುವ ಮುನ್ನ ಮುಂಡರಗಿಯ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದರು. "ನಮ್ಮ ಕಡೆ ನೀರಾಗ ಫ್ಲೋರೈಡ್ ಐತ್ರಿ. ಚಾದಾಗೂ ಇರ್ತೈತಿ ಅಂತಾರ. ಕಡಕ್ ಚಾ ಕುಡೀರಿ ಅಂತ ಹಳ್ಳ್ಯಾಗ ಮಾರೂದು ಸರಿ ಏನ್ರಿ?" ಇದಕ್ಕೆ ನನ್ನ ಬಳಿ ಒಡನೆ ಉತ್ತರ ಇರಲಿಲ್ಲ. ಊರಿಗೆ ಬಂದು ಪುಸ್ತಕ ತೆಗೆದು ಓದಿದೆ.

ಮಾಸ್ತರರ ಮಾತು ನಿಜ. ಮುಂಡರಗಿ ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಕಲೆ, ಹಿರಿಯರ ಮೂಳೆ ಕೀಲುಗಳ ಬಿಗಿತ ಅಲ್ಲಿಯವರು ಕಂಡುಂಡದ್ದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸೈರಿಸಬಹುದು. ಚಹದ ಗಿಡ ಮಣ್ಣಿನಿಂದ ಫ್ಲೋರೈಡನ್ನು ಎಳೆದು ಎಲೆಯಲ್ಲಿ ಕೂಡಿಸಿಕೊಳ್ಳುತ್ತದೆ. ಬಲಿತ ಎಲೆಯಲ್ಲಿ ಹೆಚ್ಚು, ಚಿಗುರಿನಲ್ಲಿ ಕಡಿಮೆ. ಪುಡಿಯಿಂದ ಕಷಾಯಕ್ಕೆ ಲೀಟರಿಗೆ 2 ಮಿಲಿಗ್ರಾಂ ಇಳಿಯಿತು ಎಂದು ಹಿಡಿಯೋಣ. 100 ಮಿಲಿಲೀಟರಿನ ನಾಲ್ಕು ಲೋಟ ಕುಡಿದವರಿಗೆ ಚಹದಿಂದ 0.8 ಮಿಲಿಗ್ರಾಂ. ಆದರೆ ಲೀಟರಿಗೆ 3 ಮಿಲಿಗ್ರಾಂ ಇರುವ ಬಾವಿಯ ನೀರನ್ನು ಬೇಸಿಗೆಯಲ್ಲಿ ಮೂರು ಲೀಟರ್ ಕುಡಿದರೆ ನೀರಿನಿಂದಲೇ 9 ಮಿಲಿಗ್ರಾಂ. ಅಂದರೆ ದೊಡ್ಡ ಅಪರಾಧಿ ನೀರೇ. ಚಹ ಅದಕ್ಕೆ ಕೈಗೂಡಿಸುತ್ತದೆ. ಇನ್ನೊಂದು ಮುಖ್ಯ ಸಂಗತಿ: ನೀರನ್ನು ಹತ್ತು ನಿಮಿಷ ಕುದಿಸಿ, ತಣಿಸಿ, ತಳದ ಕಿಟ್ಟ ಬಿಟ್ಟು ಬಗ್ಗಿಸಿದರೆ ಗಡಸುತನ ಸಾಕಷ್ಟು ಇಳಿದು ಚಹ ಸುಧಾರಿಸುತ್ತದೆ. ಆದರೆ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ದಟ್ಟವಾಗುತ್ತದೆ. ಕುದಿಸಿದ್ದೇವಲ್ಲ ಎಂಬ ನಂಬಿಕೆ ಅಲ್ಲಿ ಅಪಾಯದ್ದು.

ಈ ವರದಿಯನ್ನು ಮಂಡಳಿಯ ಮುಂದೆ ಇಟ್ಟಾಗ ಚರ್ಚೆ ಬಿಸಿಯಾಯಿತು. ಪೊಟ್ಟಣದ ಮೇಲೆ ನೀರಿನ ಮಾತೆತ್ತಿದರೆ ಗ್ರಾಹಕ ಹೆದರಿ ಓಡುತ್ತಾನೆ ಎಂದು ಒಬ್ಬ ನಿರ್ದೇಶಕರ ವಾದ. ಹೇಳದೆ ಮಾರಿದರೆ ಲಕ್ಷ್ಮೇಶ್ವರದಲ್ಲಿ ಮೊದಲ ಸಂಜೆ ಆದದ್ದೇ ಪ್ರತಿ ಮನೆಯಲ್ಲಿ ಆಗುತ್ತದೆ, ಹೆಸರು ತೋಟದ್ದು ಕೆಡುತ್ತದೆ, ಆಮೇಲೆ ನಮ್ಮ ಕಾಫಿಯದೂ ಕೆಡುತ್ತದೆ ಎಂದು ನನ್ನ ವಾದ. ಕೊನೆಗೆ ಹೀಗೆ ನಿರ್ಣಯವಾಗಿದೆ. ಉಳಿದ ಪುಡಿಯನ್ನು 100 ಗ್ರಾಂ ಪೊಟ್ಟಣ ಮಾಡಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಮೊದಲು ಮಾರುವುದು. ಪ್ರತಿ ಪೊಟ್ಟಣದಲ್ಲಿ ಒಂದು ಚೀಟಿ ಇರುತ್ತದೆ: ಇದು ಕರ್ನಾಟಕದ ಒಂದೇ ತೋಟದ ಚಹ, ಹೊಳೆಯ ನೀರು ಅಥವಾ ಘಟಕದ ನೀರನ್ನು ಬಳಸಿರಿ, ಡಬ್ಬಿಯಲ್ಲಿ ಮುಚ್ಚಿಡಿರಿ. ಮುಂಡರಗಿ ಕಡೆ ಹೋಗುವ ಪೊಟ್ಟಣಗಳ ಚೀಟಿಯಲ್ಲಿ, ಕೊಳವೆಬಾವಿಯ ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು ಎಂಬ ಸಾಲು ಹೆಚ್ಚಾಗಿ ಇರುತ್ತದೆ. ಆ ಸಾಲನ್ನು ಮಾಸ್ತರರಿಂದಲೇ ತಿದ್ದಿಸಿದ್ದೇನೆ.

ಇನ್ನು ನಮ್ಮ ಕಾಫಿ. ಗಡಸು ನೀರು ಕಾಫಿಯ ಹುಳಿಯನ್ನೂ ಸಪ್ಪೆ ಮಾಡುತ್ತದೆ. ಚಿಕೋರಿ ಬೆರೆತ ಪುಡಿಯಲ್ಲಿ ಇದು ಅಷ್ಟಾಗಿ ಕಾಣದು, ಬೆರಕೆಯಿಲ್ಲದ ಪುಡಿಯಲ್ಲಿ ಎದ್ದು ಕಾಣುತ್ತದೆ. ಗದಗಿಗೆ ಪುಡಿ ಕಳುಹಿಸುವ ಮೊದಲು ಅದನ್ನೂ ನೋಡಿಬಿಡಬೇಕು. ಲಕ್ಷ್ಮೇಶ್ವರದ ಕೊಳವೆಬಾವಿಯ ನೀರನ್ನು ಅದೇ ಹತ್ತು ಲೀಟರಿನ ಕ್ಯಾನಿನಲ್ಲಿ ತುಂಬಿಸಿ ತಂದಿದ್ದೇನೆ, ಕಚೇರಿಯಲ್ಲಿದೆ. ಮುಂದಿನ ಸಭೆಯ ದಿನ ಆಸಕ್ತ ಸದಸ್ಯರು ತಮ್ಮ ತಮ್ಮ ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ 100 ಗ್ರಾಂ, ಜೊತೆಗೆ ಮನೆಯ ನೀರು ಒಂದು ಬಾಟಲಿ ತರಬೇಕಾಗಿ ಕೋರಿದೆ. ಪೊಟ್ಟಣದ ಮೇಲೆ ಹೆಸರು ಬರೆಯಬೇಡಿ, ಸದಸ್ಯತ್ವದ ಸಂಖ್ಯೆ ಮಾತ್ರ ಇರಲಿ. ಬೆಳಿಗ್ಗೆ ಹತ್ತಕ್ಕೆ ನೀರು ಒಲೆಯ ಮೇಲಿರುತ್ತದೆ.

– ಕಾರ್ಯದರ್ಶಿ